ಸ್ವತಂತ್ರ ಬ್ರೇಕು

ನನಗೆ ಇಂಗ್ಲಿಷ್ ಬರುತ್ತದೆ ಎಂದು ಪೂರ್ತಿಯಾಗಿ ನಂಬಿದವರು ನನ್ನ ಜೀವಮಾನದಲ್ಲಿ ಒಬ್ಬರೇ, ಅಕ್ಕನ ಗಂಡ ಶಿವಲಿಂಗಪ್ಪ ಭಾವ. ನಮ್ಮ ಮೇಷ್ಟರು ನಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷಕರು ಮೊದಲ ಸಲ ನಂಬದೆ, ಎರಡನೆಯ ಸಲ ಬೇಸತ್ತು ಬಿಟ್ಟುಕೊಟ್ಟಿದ್ದರು. ಭಾವನ ಲೆಕ್ಕದಲ್ಲಿ ಮಾತ್ರ ಪಾಸು ಎಂದರೆ ಪಾಸು. ಆ ನಂಬಿಕೆಯನ್ನು ನಾನು ಹೇಗೆ ಬಳಸಿಕೊಂಡೆ ಎಂದು ಹೇಳಿಕೊಳ್ಳುವುದಕ್ಕೆ ಈ ವಯಸ್ಸಿನ ತನಕ ಕಾದದ್ದೇ ತಪ್ಪು. ಕೇಳಬೇಕಾದವರಲ್ಲಿ ಬಹಳ ಮಂದಿ ಈಗ ಇಲ್ಲ. ಇರುವವರು ನೀವು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ರಾಜ್ಯ ಆಗಷ್ಟೇ ದೊಡ್ಡದಾಗಿತ್ತು. ನಮ್ಮ ಶಿಕಾರಿಪುರದಿಂದ ಎತ್ತಿನ ಗಾಡಿಯಲ್ಲಿ ಒಂದು ದಿನಕ್ಕೆ ಮುಟ್ಟುವ ಹಿರೇಕೆರೂರು ಅಲ್ಲಿಯ ತನಕ ಮುಂಬಯಿ ರಾಜ್ಯದಲ್ಲಿತ್ತು. ಆ ಕಡೆಯ ಡ್ರೈವರುಗಳು ನಮ್ಮ ಸಂತೆಗೆ ಬಂದಾಗ, "ನಮ್ಮ ಮುಂಬಯಿ ಸರಕಾರದಾಗ ಹಿಂಗಿರಲಿಲ್ರೀ" ಎಂದು ಎಲ್ಲದಕ್ಕೂ ಮೂಗು ಮುರಿಯುತ್ತಿದ್ದರು. ಯಾವ ರೂಲು ಉಳಿದಿದೆ, ಯಾವುದು ಹೋಗಿದೆ ಎಂದು ಯಾರಿಗೂ ಖಚಿತವಿಲ್ಲದ ಆ ದಿನಗಳಲ್ಲಿ ಭಾವ ಒಂದು ಪಿಕಪ್ಪು ಕೊಂಡರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಎರಡು ಕೈ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಯಾರೋ ಅದರ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದರು. ಕುಪ್ಪಗಡ್ಡೆ ಕಡೆಯ ಭತ್ತವನ್ನು ಸೊರಬದ ಮಂಡಿಗೆ, ಸೊರಬದ ಸಾಮಾನನ್ನು ಶಿಕಾರಿಪುರಕ್ಕೆ ಹೊಡೆಯುವುದು ಅವರ ಯೋಜನೆ. ಸ್ಟೀರಿಂಗ್ ಹಿಡಿಯುವುದು ಭಾವ. ಕಾಗದಪತ್ರ ನೋಡುವುದು ಮತ್ತು ಗಾಡಿ ನಿಂತಾಗ ಹಿಂದಿನ ಗಾಲಿಗೆ ಕಲ್ಲು ಕೊಡುವುದು ನಾನು.

ಕಲ್ಲು ಏಕೆಂದರೆ, ಗಾಡಿಯ ಕೈಬ್ರೇಕು ಯಾವ ಕಾಲದಲ್ಲೋ ಸತ್ತಿತ್ತು. ಅದನ್ನು ಯಾರೂ ಕುಂದು ಎಂದು ಎಣಿಸುತ್ತಿರಲಿಲ್ಲ. ನಮ್ಮ ಕಡೆಯ ಲಾರಿಗಳಲ್ಲೆಲ್ಲ ಕೈಬ್ರೇಕು ಎಂದರೆ ಅಂಗಿ ತೂಗುಹಾಕುವ ಸಲಕರಣೆ. ನಿಲ್ಲಿಸುವ ಕೆಲಸ ಕಲ್ಲಿನದು. ನಮ್ಮ ಕಲ್ಲಿಗೆ ಅಕ್ಕ ಆಯುಧಪೂಜೆಯ ದಿನ ಮೂರು ಬೆರಳಿನ ವಿಭೂತಿಯನ್ನೂ ಎಳೆದಿದ್ದಳು.

ಇಂಥ ಬಾಡಿಗೆ ಗಾಡಿಗೆ ಸರ್ಕಾರದವರು ಪರೀಕ್ಷೆ ಮಾಡಿ 'ಫಿಟ್‌ನೆಸ್' ಸರ್ಟಿಫಿಕೇಟು ಕೊಡಬೇಕು. ಅದಿಲ್ಲದೆ ರಸ್ತೆಗಿಳಿಯುವಂತಿಲ್ಲ. ಈ ವಿಷಯ ಮನೆಯಲ್ಲಿ ಚರ್ಚೆಯಾಗುತ್ತಿದ್ದಾಗ ಭಾವನ ತಾಯಿ ಒಳಗಿನಿಂದ, "ಗಾಡಿಗೆ ಫಿಟ್ಸ್ ಬರ್ತಾವೇನೋ? ಕೈಯಾಗೆ ಕಬ್ಬಿಣ ಕೊಡ್ರೋ" ಎಂದರು.

"ಅವ್ವ, ಅದು ಪೂರಾ ಕಬ್ಬಿಣಾನೇ" ಎಂದರು ಭಾವ.

"ಅಂಗಾದ್ರೆ ಈರುಳ್ಳಿ ಮೂಸಿಸು."

ಪರೀಕ್ಷೆ ಮಾಡುವ ಅಧಿಕಾರಿಗೆ ಜನ ಇಟ್ಟ ಹೆಸರು ಬ್ರೇಕ್ ಇನ್‌ಸ್ಪೆಕ್ಟರ್. ಅವರು ದೀಪ ನೋಡುತ್ತಾರೆ, ಹಾರನ್ ನೋಡುತ್ತಾರೆ, ಟೈರು ನೋಡುತ್ತಾರೆ, ಡೀಸೆಲ್ ಗಾಡಿಯಾದರೆ ಎಷ್ಟು ಕರಿ ಹೊಗೆ ಬಿಡುತ್ತದೆಂದು ಹಿಂದೆ ನಿಂತು ಕಾಯುತ್ತಾರೆ. ಆದರೂ ಜನ ಬ್ರೇಕನ್ನೇ ಆರಿಸಿ ಅವರಿಗೆ ಬಿರುದು ಕೊಟ್ಟಿದ್ದರು. ಜನ ಹೆಸರಿಡುವುದರಲ್ಲಿ ಎಂದೂ ತಪ್ಪುವುದಿಲ್ಲ. ಓದಿದವನು ತಪ್ಪುತ್ತಾನೆ.

ಭಾವ ಎಲ್ಲಿಂದಲೋ ರೂಲುಗಳ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟರು. ಇಂಗ್ಲಿಷು. ವಾಕ್ಯ ಒಂದು ಪುಟದಲ್ಲಿ ಶುರುವಾದರೆ ಇನ್ನೊಂದು ಪುಟಕ್ಕೆ ಹೋಗಿ ಉಸಿರು ಬಿಡುತ್ತಿತ್ತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಾಲ್ಲೂಕಿನ ತಾಳಗುಂದದಲ್ಲಿ ಹಳೆಯ ಶಾಸನವಿರುವ ಕಂಬವೊಂದಿದೆ. ಅದರ ಲಿಪಿ ನಮ್ಮವರಿಗೆ ಓದಲು ಬಾರದೆ ಎಷ್ಟೋ ಶತಮಾನ ಆಗಿದೆ. ಆದರೆ ಅದರ ಅರ್ಥ ಹೇಳುವವರಿಗೆ ಯಾವ ಶತಮಾನದಲ್ಲೂ ಕೊರತೆಯಾಗಿಲ್ಲ. ನಾನು ಹುಡುಗನಾಗಿದ್ದಾಗ ಒಬ್ಬ ಮುದುಕ ಅದರ ಮೇಲೆ ಬೆರಳಾಡಿಸಿ, ನಿಧಿ ಎಲ್ಲಿದೆ ಎಂದು ಸಾಲು ಸಾಲಾಗಿ ಓದಿ ಹೇಳಿದ್ದ. ನಾನು ಪುಸ್ತಕದ ಮೇಲೆ ಬೆರಳಾಡಿಸಿದ್ದು ಆ ಪರಂಪರೆಯಲ್ಲೇ.

ಎಂಜಿನ್ ಬದಲಾಗಿದ್ದರೆ ಅದನ್ನು ಗಾಡಿಯ ಪುಸ್ತಕದಲ್ಲಿ ಬರೆಸಬೇಕು ಎಂಬುದು ಹೇಗೋ ತಿಳಿಯಿತು, ಬರೆಸಿದೆವು. ಬ್ರೇಕಿನ ಜಾಗಕ್ಕೆ ಬಂದಾಗ, ಗಾಡಿಗೆ ಎರಡು 'ಇಂಡಿಪೆಂಡೆಂಟ್' ಬ್ರೇಕುಗಳಿರಬೇಕು ಎಂದಿತ್ತು. ಆ ಪದ ನನಗೆ ಚೆನ್ನಾಗಿ ಗೊತ್ತಿತ್ತು. ಹೈಸ್ಕೂಲಿನಲ್ಲಿ ಪ್ರತಿ ಆಗಸ್ಟಿನಲ್ಲೂ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವನು ನಾನೇ.

"ಸ್ವತಂತ್ರ ಬ್ರೇಕು ಬೇಕಂತೆ ಭಾವ" ಎಂದೆ.

"ಅಂದ್ರೆ?"

"ಸ್ವಾತಂತ್ರ್ಯ ಬಂದ ಮೇಲೆ ತಯಾರಾದ್ದು. ನಮ್ಮದು ಬ್ರಿಟಿಷ್ ಮಿಲಿಟರಿ ಗಾಡಿ ನೋಡಿ, ಆಗಿನ ಬ್ರೇಕು ನಡೆಯಲ್ಲ."

ಭಾವ, "ನ್ಯಾಯವಾದ ಮಾತು" ಎಂದರು. ಚಳವಳಿಯಲ್ಲಿ ಎರಡು ದಿನ ಲಾಕಪ್ಪಿನಲ್ಲಿದ್ದು ಬಂದವರು ಅವರು. ಮುಂದಿನ ಎರಡು ಗಾಲಿಗೆ, ಹಿಂದಿನ ಎರಡು ಗಾಲಿಗೆ ಹೊಸ ಬ್ರೇಕಿನ ಸಾಮಾನು ಹಾಕಿಸಿದರು. ಮುಂದೆ ಒಂದು, ಹಿಂದೆ ಒಂದು, ಒಟ್ಟು ಎರಡು ಸ್ವತಂತ್ರ ಬ್ರೇಕು. ಲೆಕ್ಕ ಸರಿಹೋಯಿತು. ಕೈಬ್ರೇಕಿನಲ್ಲಿ ಭಾವನ ಅಂಗಿ ತೂಗುತ್ತಲೇ ಇತ್ತು.

ಇನ್‌ಸ್ಪೆಕ್ಟರು ಶಿಕಾರಿಪುರಕ್ಕೆ ಕ್ಯಾಂಪು ಬಂದ ದಿನ ಪ್ರವಾಸಿ ಮಂದಿರದ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ತೆಳ್ಳಗಿನ ಮನುಷ್ಯ, ಖಾಕಿ ಪ್ಯಾಂಟಿನ ಮಂಡಿಗೆ ತೇಪೆ. ದೀಪ, ಹಾರನ್, ಹೊಗೆ ಎಲ್ಲ ನೋಡಿದರು. ಆಮೇಲೆ ಕೆರೆ ಏರಿಯ ಚಡಾವಿಗೆ ಗಾಡಿ ಹತ್ತಿಸಿ, "ಕೈಬ್ರೇಕು ಎಳೀರಿ, ಕಾಲು ತೆಗೀರಿ" ಎಂದರು. ಭಾವ ಅಂಗಿ ತೆಗೆದು ಪಕ್ಕಕ್ಕಿಟ್ಟು ಎಳೆದರು. ಗಾಡಿ ಶಾಂತವಾಗಿ ಹಿಂದಕ್ಕೆ ಹೊರಟಿತು. ನಾನು ಅಭ್ಯಾಸಬಲದಿಂದ ಓಡಿ ಕಲ್ಲು ಕೊಟ್ಟೆ. ಗಾಡಿ ನಿಂತಿತು. ಇನ್‌ಸ್ಪೆಕ್ಟರು ಬಗ್ಗಿ ಕಲ್ಲನ್ನೂ ಅದರ ವಿಭೂತಿಯನ್ನೂ ನೋಡಿದರು.

"ಕಲ್ಲಿಗೆ ನಾನು ಸರ್ಟಿಫಿಕೇಟು ಕೊಡೋಕಾಗಲ್ರೀ" ಎಂದರು.

"ಎರಡೂ ಸ್ವಾತಂತ್ರ್ಯ ಬಂದ ಮೇಲಿನ ಬ್ರೇಕು ಸಾರ್" ಎಂದೆ ನಾನು, ಹೆಮ್ಮೆಯಿಂದ.

ಅವರು ನಗಬಹುದಿತ್ತು. ಸುತ್ತ ಡ್ರೈವರುಗಳು ನಿಂತಿದ್ದರು, ನಕ್ಕಿದ್ದರೆ ನಾನು ಆ ಊರಲ್ಲಿ ತಲೆಯೆತ್ತುವಂತಿರಲಿಲ್ಲ. ಅವರು ನನ್ನನ್ನು ಗಾಡಿಯ ಆಚೆ ಬದಿಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು: "ಇಂಡಿಪೆಂಡೆಂಟ್ ಅಂದ್ರೆ ಇಲ್ಲಿ ಅದಲ್ಲಪ್ಪ. ಒಂದರ ಹಂಗು ಇನ್ನೊಂದಕ್ಕೆ ಇರಬಾರದು ಅಂತ. ಕಾಲಿನದು ಸತ್ತರೆ ಕೈಯಿನದಕ್ಕೆ ಆ ಸುದ್ದಿಯೇ ಮುಟ್ಟಬಾರದು. ನಿಮ್ಮದರಲ್ಲಿ ನಾಲ್ಕು ಗಾಲಿಗೂ ಒಂದೇ ಪೆಡಲು. ಕೈಬ್ರೇಕು ಮಾಡಿಸಿಕೊಂಡು ಮುಂದಿನ ಕ್ಯಾಂಪಿಗೆ ಬನ್ನಿ."

ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಒಂದು ಇಂಗ್ಲಿಷ್ ಪದವನ್ನು ಕಲಿಸಿರಲಿಲ್ಲ. ಕಲಿತವನು ಮಾಡಿದ್ದೇನು ಕೇಳಿ. ಗಾಡಿ ಹತ್ತಿದ ಕೂಡಲೇ ಭಾವ, "ಕೈಬ್ರೇಕಿನ ಮಾತು ರೂಲಿನಾಗೆ ಐತೇನೋ ತಮ್ಮ?" ಎಂದರು. ಇದೆ ಎಂದರೆ ನಾನು ಓದಿದ್ದು ತಪ್ಪು ಎಂದಾಗುತ್ತದೆ. ಹಾಕಿಸಿದ ಹೊಸ ಸಾಮಾನೆಲ್ಲ ನನ್ನ ತಲೆಯ ಮೇಲೆ ಬರುತ್ತದೆ. ಅಕ್ಕನ ಮುಖ ಸಣ್ಣದಾಗುತ್ತದೆ.

"ಇಲ್ಲ ಭಾವ" ಎಂದೆ. "ರೂಲು ನೆವ ಅಷ್ಟೇ. ಅವರಿಗೆ ಬೇರೆ ಏನೋ ಬೇಕಾಗಿದೆ. ನನ್ನನ್ನು ಆಚೆ ಕರೆದದ್ದು ಯಾಕೆ ಅಂದ್ಕೊಂಡ್ರಿ?"

ಹೆಬ್ಬೆರಳು ತೋರುಬೆರಳು ಉಜ್ಜಿಯೂ ತೋರಿಸಿದೆ. ನನ್ನ ಪಾಪ ಅಷ್ಟೇ, ಎರಡು ಬೆರಳಿನಷ್ಟು.

ಭಾವ ಹಟವಾದಿ. "ಬಿಡಿಗಾಸು ಕೊಡಲ್ಲ. ಕೈಬ್ರೇಕನ್ನೇ ಮಾಡಿಸ್ತೀನಿ. ಆಮೇಲೆ ಇನ್ಯಾವ ನೆವ ತೆಗೀತಾನೋ ನೋಡೋಣ" ಎಂದರು. ಮಾಡಿಸಿದರು. ಮಾಡಿಸುವುದರ ಜೊತೆಗೆ ಸೊರಬದ ಮಂಡಿಯಲ್ಲಿ ಕೂತು, ಬ್ರೇಕ್ ಇನ್‌ಸ್ಪೆಕ್ಟರು ಲಂಚಕೋರ ಎಂದು ಹತ್ತು ಜನಕ್ಕೆ ಹೇಳಿದರು. ಅವರು ಸುಳ್ಳಾಡುವವರಲ್ಲ ಎಂದು ಇಡೀ ಸೊರಬಕ್ಕೆ ಗೊತ್ತಿತ್ತು. ನನ್ನ ಸುಳ್ಳಿಗೆ ಅವರ ಸತ್ಯದ ಮುದ್ರೆ ಬಿತ್ತು.

ಮುಂದಿನ ಕ್ಯಾಂಪಿನಲ್ಲಿ ಇನ್‌ಸ್ಪೆಕ್ಟರು ಅದೇ ಚಡಾವಿನಲ್ಲಿ ಗಾಡಿ ನಿಲ್ಲಿಸಿ ನೋಡಿ, ಸಹಿ ಹಾಕಿ ಕಾಗದ ಕೊಟ್ಟರು. ಭಾವ ಪರೀಕ್ಷಿಸಲೆಂದೇ ತರಿಸಿದ ಚಹಾವನ್ನೂ ಮುಟ್ಟಲಿಲ್ಲ.

"ಏನೂ ಕೇಳಲಿಲ್ಲವಲ್ಲೋ?" ಎಂದರು ಭಾವ, ನಿರಾಸೆಯಾದವರ ಹಾಗೆ.

"ನೀವು ಸೊರಬದಲ್ಲಿ ಆಡಿದ್ದು ಕಿವಿಗೆ ಬಿದ್ದು ಹೆದರಿರಬೇಕು" ಎಂದೆ. ಒಂದು ಸುಳ್ಳು ನಿಲ್ಲಬೇಕಾದರೆ ಅದರ ಹಿಂದೆ ಇನ್ನೊಂದನ್ನು ಕೊಡಬೇಕಾಗುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಭತ್ತ ತುಂಬಿಕೊಂಡು ಸೊರಬಕ್ಕೆ ಹೊರಟಿದ್ದೆವು. ಮುಂದೆ ಭಾವನ ಪಕ್ಕದಲ್ಲಿ ಅಕ್ಕ, ಹಿಂದೆ ಮೂಟೆಗಳ ಮೇಲೆ ನಾನು. ಊರು ಎರಡು ಮೈಲಿ ಇರುವಾಗ ಒಂದು ಇಳಿಜಾರು, ಕೆಳಗೆ ಹಳ್ಳ, ಹಳ್ಳಕ್ಕೆ ಕಿರಿದಾದ ಸೇತುವೆ, ಸೇತುವೆಯ ಮೇಲೆ ಹುಲ್ಲು ಹೇರಿದ ಒಂದು ಗಾಡಿ. ಇಳಿಜಾರಿನ ನಡುವೆ ನಮ್ಮ ಪಿಕಪ್ಪು ನಿಧಾನವಾಗುವ ಬದಲು ವೇಗ ಹೆಚ್ಚಿಸಿಕೊಂಡಿತು. "ಪೆಡಲು ನೆಲ ಮುಟ್ಟಿತಲ್ಲೇ" ಎಂದು ಭಾವ ಅಕ್ಕನಿಗೆ ಹೇಳಿದ್ದು ಕೇಳಿಸಿತು. ಸೊಸೈಟಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವಷ್ಟು ಸಾಧಾರಣ ದನಿ. ನನ್ನ ಕಲ್ಲು ಮೂಟೆಗಳ ಪಕ್ಕದಲ್ಲೇ ಇತ್ತು. ಓಡುವ ಗಾಡಿಗೆ ಕಲ್ಲು ಕೊಡುವುದು ಹೇಗೆ? ಅಷ್ಟರಲ್ಲಿ ಭಾವ ಕೈಬ್ರೇಕು ಎಳೆದಿರಬೇಕು, ಕೆಳಗಿನಿಂದ ಕಬ್ಬಿಣ ಕಿರುಚಿತು, ಸುಟ್ಟ ವಾಸನೆ ಬಂತು, ಗಾಡಿ ಗಡಗಡ ನಡುಗಿ ನಿಂತಿತು. ಹುಲ್ಲಿನ ಗಾಡಿಗೂ ನಮಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು ಜಾಗವಿತ್ತು.

ಭಾವ ಇಳಿದು ರಸ್ತೆಯ ಬದಿಯಲ್ಲಿ ಕೂತರು. "ಲಂಚಕೋರನೇ ಇರಲಿ, ಆ ಪುಣ್ಯಾತ್ಮ ಹಟ ಹಿಡೀದೆ ಇದ್ದಿದ್ರೆ ನಿಮ್ಮಕ್ಕ ಇವತ್ತು ಹಳ್ಳದಾಗೆ ಇರ್ತಿದ್ಲು" ಎಂದರು.

ಅಕ್ಕ ತಾಳಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ನಿಂತು, ಆಗಸ್ಟಿನ ಸೀಮೆಸುಣ್ಣದಿಂದ ಹಿಡಿದು ಎರಡು ಬೆರಳು ಉಜ್ಜಿದ ತನಕ ಎಲ್ಲ ಹೇಳಿದೆ. ಭಾವ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಪಂಚೆ ಕೊಡವಿಕೊಂಡರು.

"ಸೊರಬ ಎರಡು ಮೈಲಿ ಐತೆ. ನಡಿ."

ಅಕ್ಕನನ್ನು ಗಾಡಿಯ ಕಾವಲಿಗೆ ಕೂರಿಸಿ ನಡೆದೆವು. ದಾರಿಯುದ್ದಕ್ಕೂ ಭಾವ ಆಡಿದ್ದು ಒಂದೇ ಮಾತು: "ಇಂಗ್ಲಿಷ್ ಬರಲ್ಲ ಅಂತ ನೀನು ಅಂದಿದ್ರೆ ನಂದೇನೂ ಹೋಗ್ತಿರಲಿಲ್ಲ ಕಣೋ. ಇನ್ನೊಬ್ಬರ ಮಾನ ನನ್ನ ಬಾಯಿಂದ ತೆಗೆಸಿದೆಯಲ್ಲ."

ಮಂಡಿಯಲ್ಲಿ ಭಾವ ನನ್ನನ್ನು ಮುಂದೆ ನಿಲ್ಲಿಸಿದರು. ಇನ್‌ಸ್ಪೆಕ್ಟರು ಏನೂ ಕೇಳಿರಲಿಲ್ಲ, ಓದಲು ಬಾರದೆ ಸುಳ್ಳು ಹೇಳಿದವನು ನಾನು ಎಂದೆ. ಮಂಡಿಯ ಯಜಮಾನರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಇದನ್ನ ಹೇಳೋಕೆ ಎಷ್ಟು ಕೊಟ್ರು ಮಾರಾಯ?" ಎಂದರು.

ಎಲ್ಲರೂ ನಕ್ಕರು. ಭಾವ ಆಣೆಯಿಟ್ಟು ಹೇಳಿದರು. "ಶಿವಲಿಂಗಪ್ಪನೋರನ್ನೇ ಹಿಡಿದಾರೆ ಅಂದ್ರೆ ಆಸಾಮಿ ಭಾರೀನೇ" ಎಂದು ಇನ್ನೊಬ್ಬರು ಮೆಚ್ಚಿಕೊಂಡರು. ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಸೊರಬ ಸತ್ಯವನ್ನು ಆಣೆಗೂ ನಂಬಲಿಲ್ಲ.

ಉಳಿದದ್ದು ಆ ಮನುಷ್ಯರ ಎದುರು ನಿಲ್ಲುವುದು. ಮುಂದಿನ ಕ್ಯಾಂಪಿಗೆ ಒಬ್ಬನೇ ಹೋದೆ. ಹೇಳಿ ಮುಗಿಸುವ ತನಕ ಅವರು ಒಂದು ಲಾರಿಯ ದೀಪ ನೋಡುತ್ತಲೇ ಇದ್ದರು.

"ಗೊತ್ತು. ಆ ಮಾತು ಇಲ್ಲಿಗೂ ಬಂದಿತ್ತು" ಎಂದರು. ಮತ್ತೆ, ಅದೇನೂ ದೊಡ್ಡದಲ್ಲ ಎನ್ನುವ ಹಾಗೆ ನನ್ನ ಕಡೆ ತಿರುಗಿ, "ಇಳಿಜಾರಿನಲ್ಲಿ ಕೈಬ್ರೇಕು ಪೂರ್ತಿ ಹಿಡಿಯಿತೇನ್ರಿ? ಎಷ್ಟು ಮಾರು ಜಾರಿತು?" ಎಂದು ಕೇಳಿದರು.

ಹೇಳಿದೆ. ಅವರು ತಲೆಯಾಡಿಸಿ, "ಸ್ವಲ್ಪ ಬಿಗಿ ಮಾಡಿಸಿ" ಎಂದು ಮುಂದಿನ ಗಾಡಿಗೆ ಹೋದರು. ಕೆಲವು ತಿಂಗಳಿಗೆ ಅವರಿಗೆ ವರ್ಗವಾಯಿತು. ಸೊರಬದಲ್ಲಿ ಅದಕ್ಕೂ ಒಂದು ಕಾರಣ ಹೇಳಿಕೊಂಡರು.

ಆ ಇಳಿಜಾರಿನ ಆಚೆಗೆ ಅಕ್ಕ ಮೂವತ್ತೆಂಟು ವರ್ಷ ಬದುಕಿದಳು. ನನ್ನ ಮಕ್ಕಳನ್ನೂ ಅವಳೇ ಎತ್ತಿ ಬೆಳೆಸಿದಳು. ಹೀಗಾಗಿ ಓದುವ ನಿಮ್ಮಲ್ಲಿ ಒಂದು ಬೇಡಿಕೆ. ನೀವು ಸೊರಬದ ಕಡೆ ಹೋದಾಗ, ಹಳಬರು ಯಾರಾದರೂ ಸಿಕ್ಕರೆ, ಆ ಬ್ರೇಕ್ ಇನ್‌ಸ್ಪೆಕ್ಟರು ಒಂದು ಲೋಟ ಚಹಾವನ್ನೂ ಕುಡಿದವರಲ್ಲ ಎಂದು ಹೇಳಿಬಿಡಿ. ಅವರು ನಂಬುವುದಿಲ್ಲ. ಈ ಮುದುಕನಿಗೆ ಎಷ್ಟು ಕೊಟ್ಟರಂತೆ ಎಂದು ಖಂಡಿತ ಕೇಳುತ್ತಾರೆ. ಮೂವತ್ತೆಂಟು ವರ್ಷ ಕೊಟ್ಟರಂತೆ ಎನ್ನಿ.