ಅಗ್ಗದ ಅಡಾಪ್ಟರಿನ ಶ್ರುತಿ

ಗಿಟಾರ್‌ನ ಸದ್ದು ಬದಲಿಸುವ ಪೆಡಲ್‌ಗಳಿಗೆ ಯಾವ ಪವರ್ ಸಪ್ಲೈ ಕೊಳ್ಳಲಿ ಎಂದು ಈ ಗುಂಪಿನಲ್ಲಿ ಕೇಳಿದಾಗ, ‘ಪ್ರತಿ ಪೆಡಲ್‌ಗೂ ಬೇರೆ ಬೇರೆ ಔಟ್‌ಪುಟ್ ಇರೋದನ್ನೇ ತಗೋ, ಗುಂಯ್ ಸದ್ದು ನಿಲ್ತದೆ’ ಎಂದ ಮಿತ್ರರೇ, ಸ್ವಲ್ಪ ತಡೆಯಿರಿ.

ಇವತ್ತು ಸಂಜೆ ನವಿ ಮುಂಬಯಿ ಕೋಪರಖೈರಣೆಯ ನಮ್ಮ ಹೌಸಿಂಗ್ ಸೊಸೈಟಿ ಹಾಲ್‌ನಲ್ಲಿ ಪೆಡಲ್‌ಗಳನ್ನೆಲ್ಲ ಒಂದೇ ಅಗ್ಗದ ಅಡಾಪ್ಟರಿಗೆ ಸಿಕ್ಕಿಸಿ ಪ್ರಾಕ್ಟೀಸಿಗೆ ಕೂತೆ. ಗಿಟಾರಿನ ತಂತಿ ಮುಟ್ಟುವ ಮೊದಲೇ ಆಂಪ್‌ನ ಸ್ಪೀಕರ್ ಗುಂಯ್ ಎನ್ನತೊಡಗಿತು. ಸೆಕ್ರೆಟರಿ ಓಡಿ ಬಂದು, ನಾಳೆಯಿಂದ ಹಾಲ್ ಸಿಗದೆಂದು ಗದರಿದರು.

‘ಅರೇ, ಬಂದ್ ಕರೋ! ಕಲ್ ಸೇ ಹಾಲ್ ನಹೀ ಮಿಲೇಗಾ!’

ಅಷ್ಟರಲ್ಲಿ ಭಜನೆಗೆಂದು ಇಳಿದು ಬಂದ ಮೂರನೇ ಮಹಡಿಯ ವಾರಿಜಕ್ಕ ಕೈ ಅಡ್ಡ ಹಿಡಿದರು. ಅವರ ಶ್ರುತಿಪೆಟ್ಟಿಗೆ ಕೆಟ್ಟು ಕೂತಿತ್ತು.

‘ಆಫ್ ಮಾಡ್ಬೇಡ ಮಾರಾಯ, ಇದು ನನ್ನದೇ ಶ್ರುತಿ!’

ಅಲ್ಲೇ ಕಣ್ಣು ಮುಚ್ಚಿ ಹಾಡತೊಡಗಿದರು. ಉಳಿದ ಹೆಂಗಸರು ತಾಳ ಹಿಡಿದರು. ಸೆಕ್ರೆಟರಿಯೂ ಚಪ್ಪಲಿ ಬಿಟ್ಟು ಕೂತರು. ಮಂಗಳಾರತಿಯಾದ ಮೇಲೆ ವಾರಿಜಕ್ಕ ನನ್ನ ಕೈಗೆ ಪ್ರಸಾದವಿಟ್ಟು ಸೆಕ್ರೆಟರಿಯತ್ತ ತಿರುಗಿದರು: ‘ಇಸ್ಕೋ ಹಾಲ್ ದೇನಾ. ಅಪನಾ ಆದ್ಮೀ ಹೈ.’

ಈ ಸೊಸೈಟಿಯಲ್ಲಿ ನನ್ನನ್ನು ಯಾರಾದರೂ ‘ನಮ್ಮವನು’ ಎಂದದ್ದು ಇದೇ ಮೊದಲು.

ನಿಮ್ಮ ಸಲಹೆಗೂ ಋಣಿ, ಒಳ್ಳೆಯ ಸಪ್ಲೈ ಖಂಡಿತ ಕೊಳ್ಳುತ್ತೇನೆ. ಆದರೆ ಪ್ರತಿ ಗುರುವಾರ ಭಜನೆಗೆ ಹಳೇ ಅಡಾಪ್ಟರು, ಪೆಡಲು, ಆಂಪು ಸಮೇತ ನಾನು ಹಾಜರಾಗಬೇಕಂತೆ.

ಗಿಟಾರ್ ಮಾತ್ರ ಬೇಡವಂತೆ.