ರೊಟ್ಟಿ ಲೆಕ್ಕದಲ್ಲಿ ಹೊತ್ತು

ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ನಾನು ಅಕ್ಕನ ತಮ್ಮ. ಅಕ್ಕ ನನಗಿಂತ ಮೂರು ತರಗತಿ ಮುಂದಿದ್ದಳು. ಅವಳು ಪ್ರಾರ್ಥನೆ ಹಾಡಿದರೆ ರಸ್ತೆಯಲ್ಲಿ ಹೊರಟ ಚಕ್ಕಡಿಯವರೂ ಎತ್ತು ನಿಲ್ಲಿಸಿ ಕೇಳುತ್ತಿದ್ದರು. ಅದೇ ಮನೆಯ ರೊಟ್ಟಿ ತಿಂದು ಬೆಳೆದವನಲ್ಲವೇ, ಇವನಿಗೂ ಹಾಡು ಬಂದೇ ಬರುತ್ತದೆ ಎಂದು ಊರೇ ನಂಬಿತ್ತು. ನನ್ನ ಗಂಟಲು ಮಾತ್ರ ಎಣ್ಣೆ ಕಾಣದ ಗಾಲಿಯ ಹಾಗಿತ್ತು.

ನಮ್ಮದು ಮಹಾರಾಷ್ಟ್ರದ ಗಡಿಗೆ ಅಂಟಿದ ಭೋಜದ ಹತ್ತಿರದ ಹಳ್ಳಿ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಹೊಸ ಅಕ್ಕೋರು ಬಂದರು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಅವರು ಬಂದವರೇ ಒಂದು ಹೊಸ ರೂಢಿ ಹಾಕಿದರು. ಶನಿವಾರ ಬೆಳಗಿನ ಶಾಲೆ. ಅವತ್ತಿನ ಕೊನೆಯ ತಾಸಿನಲ್ಲಿ ಅಕ್ಕೋರು ನಮ್ಮ ಸಾಲಿನಲ್ಲಿ ಬಂದು ನೆಲದ ಮೇಲೆ ಕುಳಿತುಬಿಡುತ್ತಿದ್ದರು. ನಮ್ಮಲ್ಲೊಬ್ಬರು ಅವರ ಜಾಗದಲ್ಲಿ ನಿಂತು, ತಮಗೆ ಬರುವುದನ್ನು ಎಲ್ಲರಿಗೂ ಕಲಿಸಬೇಕು. ಕುರುಬರ ಮನೆಯ ಹುಡುಗ ಮಳೆಗೆ ಕಂಬಳಿಯ ಕೊಪ್ಪೆ ಹಾಕಿಕೊಳ್ಳುವುದನ್ನು ಕಲಿಸಿದ. ಬಾಯಿಯೇ ಬಿಡದ ಒಬ್ಬಳು ಹುಡುಗಿ ಹಳೆ ಸೀರೆ ತುಂಡುಗಳ ಕೌದಿಯ ಹೊಲಿಗೆ ಕಲಿಸಿದಳು. ಲೆಕ್ಕದಲ್ಲಿ ಸದಾ ಸೊನ್ನೆ ತೆಗೆದುಕೊಳ್ಳುತ್ತಿದ್ದ ಆ ಕುರುಬರ ಹುಡುಗ ಮರುದಿನದಿಂದ ಎದೆ ಸೆಟೆಸಿ ನಡೆಯತೊಡಗಿದ್ದ.

ಹಾಗೆ ಒಂದು ಶನಿವಾರ ನನ್ನ ಪಾಳಿ ಬಂತು. ನನಗೆ ಏನು ಬರುತ್ತದೆ ಎಂದು ವಾರವಿಡೀ ತಲೆ ಕೆರೆದುಕೊಂಡಿದ್ದೆ. ಏನೂ ಹೊಳೆದಿರಲಿಲ್ಲ. ಅಕ್ಕ ಪಾಪ, ಒಂದು ಹಾಡು ಕಲಿಸಿ ಕಳಿಸಿದ್ದಳು. ಮೊದಲ ಸಾಲಿಗೇ ನನ್ನ ದನಿ ಮಗುಚಿ ಬಿತ್ತು. ಎರಡನೆಯ ಸಾಲಿಗೆ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತುಬಿಟ್ಟೆ. ಇವರಿಗೆಲ್ಲ ಒಂದೊಂದು ಬರುತ್ತದೆ, ನನಗೊಬ್ಬನಿಗೇ ಏನೂ ಇಲ್ಲ ಎನಿಸಿತು.

ಅಕ್ಕೋರು ನಗಲೂ ಇಲ್ಲ, ಬೈಯಲೂ ಇಲ್ಲ. "ನಿನ್ನ ಪಾಳಿ ಇನ್ನೂ ಮುಗದಿಲ್ಲ. ಸಂಜಿಕೆ ನಿಮ್ಮ ಮನಿಗಿ ಬರ್ತೀನಿ" ಎಂದರು ಅಷ್ಟೇ.

ನನ್ನ ಜೀವ ಬಾಯಿಗೆ ಬಂತು. ಅಕ್ಕೋರು ಮನೆಗೆ ಬರುವುದೆಂದರೆ ಅಪ್ಪನಿಗೆ ಚಾಡಿ ಹೇಳಲಿಕ್ಕೇ ಎಂದು ನಮ್ಮ ತಿಳಿವಳಿಕೆ. ಸಂಜೆ ಅವರು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಾಗ, ಹಿಂದೆಯೇ ನನ್ನ ತರಗತಿಯ ಏಳೆಂಟು ಮಂದಿ ಬಂದಿದ್ದರು. ನಾನು ಏಟು ತಿನ್ನುವುದನ್ನು ನೋಡುವ ಆಸೆ ಅವರಿಗೆ. ಅಕ್ಕೋರು ಮಾತ್ರ ಅವ್ವನ ಜೊತೆ ಅದೂ ಇದೂ ಮಾತಾಡಿ, ಮಜ್ಜಿಗೆ ಕುಡಿದು ಸುಮ್ಮನೆ ಕುಳಿತರು.

ಅಂದು ಆಕಾಶದ ತುಂಬ ಕಪ್ಪು ಮುಗಿಲು. ಮಣ್ಣಿನ ಹಸಿ ವಾಸನೆ, ಒಲೆಯ ಹೊಗೆ. ಅಪ್ಪ ಮನೆಯ ಹಿಂದಿನ ಹೊಲದಲ್ಲಿ ತಂಬಾಕಿನ ಸಸಿ ಹಚ್ಚುತ್ತಿದ್ದ. ನಾವು ಜೈನರು; ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ಹೊತ್ತು ತಪ್ಪಿದರೆ ಹೊಲದಲ್ಲಿ ದುಡಿದು ಬಂದ ಅಪ್ಪನೂ ಬರೀ ಹೊಟ್ಟೆಯಲ್ಲೇ ಮಲಗಬೇಕು. ಮನೆಯಲ್ಲಿ ಗಡಿಯಾರವಿರಲಿಲ್ಲ. ಆಯಿಯ, ಅಂದರೆ ಅಪ್ಪನ ತಾಯಿಯ, ಕಣ್ಣು ಮಂಜಾದ ಮೇಲೆ ಹೊತ್ತು ನೋಡುವ ಕೆಲಸ ನನಗೆ ಬಂದಿತ್ತು. ಸೂರ್ಯ ಮುಳುಗುವುದರೊಳಗೆ ಅವ್ವ ಇನ್ನೆಷ್ಟು ರೊಟ್ಟಿ ಬೇಯಿಸಬಹುದು ಎಂಬುದೇ ನಮ್ಮ ಮನೆಯ ಲೆಕ್ಕ.

ಆಯಿ ಒಳಗಿನಿಂದ ದಿನದಂತೆ ಕೂಗಿದಳು: "ಎಷ್ಟ ರೊಟ್ಟಿ ಹೊತ್ತ ಐತೋ?"

ನಾನು ಮನೆಯ ಮುಂದಿನ ಹುಣಸೆ ಮರವನ್ನು ಒಮ್ಮೆ ನೋಡಿ, "ಇನ್ನ ಹನ್ನೆರಡ ರೊಟ್ಟಿ ಆಗ್ತಾವ, ಆಯಿ. ಮೂರ ಆದಮ್ಯಾಲ ಅಪ್ಪನ್ನ ಕರೀತೀನಿ" ಎಂದೆ.

ಅಕ್ಕೋರು ಕೈಗಡಿಯಾರ ನೋಡಿಕೊಂಡು ನನ್ನ ಕಡೆ ತಿರುಗಿದರು. "ಏನಂದಿ? ಸೂರ್ಯನ ಕಾಣವಲ್ಲ, ನಿನಗ ಹೆಂಗ ತಿಳೀತು?"

ನಾನು ಹೆದರುತ್ತಲೇ ಹೇಳಿದೆ. ಹೊತ್ತು ಇಳಿದಂತೆ ಹುಣಸೆಯ ಎಲೆ ತುದಿಯಿಂದ ಮಡಚಿಕೊಳ್ಳುತ್ತ ಬರುತ್ತದೆ. ಬೆಳ್ಳಕ್ಕಿಗಳ ಮೊದಲ ಸಾಲು ಹೊಳೆಯ ಕಡೆ ಹಾರಿದೆ, ಎರಡನೆಯದು ಇನ್ನೂ ಬಂದಿಲ್ಲ. ಎದುರು ಮನೆಯ ಹುಂಜ ಇನ್ನೂ ಗೋಡೆ ಏರಿಲ್ಲ. "ಇದೇನ್ ವಿದ್ಯಾ ಅಲ್ರಿ ಅಕ್ಕೋರ. ಸುಮ್ನ ನೋಡೂದ್ರಿ" ಎಂದೆ.

ಅಕ್ಕೋರು ಕೈಗಡಿಯಾರ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡರು. "ಹುಡುಗೂರ, ರೊಟ್ಟಿ ಎಣಸ್ರಿ" ಎಂದರು.

ಒಳಗೆ ಅವ್ವ ಜೋಳದ ರೊಟ್ಟಿ ತಟ್ಟುವ ಸಪ್ಪಳ, ಹೊರಗೆ ಹುಡುಗರ ಎಣಿಕೆ. ಮೂರಕ್ಕೆ ನಾನು ಹೊಲದ ಕಡೆ ಕೂಗು ಹಾಕಿದೆ. ಅಪ್ಪ ಬಂದು ಕೈಕಾಲು ತೊಳೆದು ತಾಟಿನ ಮುಂದೆ ಕೂರುವ ಹೊತ್ತಿಗೆ ಮುಗಿಲು ಇನ್ನೂ ದಟ್ಟವಾಗಿ ಅಂಗಳವೇ ಮಬ್ಬಾಯಿತು. "ಹೊತ್ತ ಮುಣಗೇತಿ! ಇಂವಂದು ತಪ್ಪೇತಿ!" ಎಂದು ಒಬ್ಬ ಕುಣಿದ. ಆಯಿಗೂ ಅನುಮಾನ ಬಂತು. ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದ.

 ನಾನು ಹೋಗಿ ಹುಣಸೆಯ ಕೆಳಗಿನ ಟೊಂಗೆ ಮುಟ್ಟಿ ನೋಡಿದೆ. ಎಲೆಯ ಬುಡ ಇನ್ನೂ ತೆರೆದೇ ಇತ್ತು. "ಊಟ ಮಾಡಪ್ಪ. ಹೊತ್ತ ಐತಿ" ಎಂದೆ. ಅಪ್ಪ ತುತ್ತು ಬಾಯಿಗಿಟ್ಟ. ಅವತ್ತು ಅಪ್ಪ ನನ್ನ ಮಾತು ನಂಬಿ ಉಂಡನಲ್ಲ, ಅದನ್ನು ನೆನೆದರೆ ಈಗಲೂ ನನಗೆ ಕಣ್ಣು ತುಂಬುತ್ತದೆ.

ಹುಡುಗರಿಗೂ ಅಕ್ಕೋರಿಗೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಂತು. ತಿನ್ನುತ್ತಲೇ ಎಣಿಕೆ ನಡೆಯಿತು. ಹನ್ನೊಂದಕ್ಕೆ ಅಪ್ಪ ಕೈ ತೊಳೆದ; ಅವ್ವ, ಅಕ್ಕ ಸರದಿಯಲ್ಲಿ ರೊಟ್ಟಿ ತಟ್ಟಿ, ಮನೆಯವರೆಲ್ಲರ ಊಟವೂ ಆಗಿತ್ತು. ಅಷ್ಟರಲ್ಲಿ ಪಡುವಣದ ಅಂಚಿನಲ್ಲಿ ಮುಗಿಲು ಹರಿದು, ಕಬ್ಬಿನ ಗದ್ದೆಯ ಮೇಲೆ ಕೆಂಪು ಸೂರ್ಯ ಇಣುಕಿದ. ಹುಡುಗರೆಲ್ಲ ಬಾಯಿ ತೆರೆದು ನಿಂತರು. ಹನ್ನೆರಡನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಸೂರ್ಯ ಕಬ್ಬಿನೊಳಗೆ ಇಳಿದುಹೋದ. ಹೊತ್ತು ಮುಳುಗಿದ್ದರಿಂದ ಆ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಯಾರೂ ತಿನ್ನುವಂತಿರಲಿಲ್ಲ. ಆಯಿ ಅದನ್ನು ಕುರುಬರ ಹುಡುಗನ ಕೈಗೆ ಹಾಕಿ, "ನಿನಗ ನಡಿತೈತಿ, ತಿನ್ನಪಾ" ಎಂದಳು.

ಅಕ್ಕೋರು ಎದ್ದು ನಿಂತರು. "ಪಾಠ ಮುಗೀತು. ಇವತ್ತಿನ ಗುರುಗಳಿಗೆ ನಮಸ್ಕಾರ ಹೇಳ್ರಿ." ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಎಲ್ಲರೂ ನನಗೆ ನಮಸ್ಕಾರ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಎಲ್ಲರಿಗಿಂತ ಜೋರಾಗಿ ಹೇಳಿದಳು. ಮುಂದಿನ ವಾರ ಅಕ್ಕೋರು ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡಿಸಿ, ಅದರ ನೆರಳು ಅಳೆಯುವ ಕೆಲಸ ನನಗೆ ವಹಿಸಿದರು. ಬೇಡವಾಗಿದ್ದ ಲೆಕ್ಕ ಆ ನೆರಳಿನ ಹಿಂದೆಯೇ ನನಗೆ ಹತ್ತಿತು.

ಈಗ ನಮ್ಮ ಮನೆಯಲ್ಲಿ ಗೋಡೆಗೊಂದು ಗಡಿಯಾರ, ಕೈಗೊಂದು ಫೋನು. ಸೂರ್ಯ ಮುಳುಗುವ ನಿಮಿಷವನ್ನು ಫೋನೇ ಹೇಳುತ್ತದೆ, ಸೊಸೆ ಅದನ್ನು ನೋಡಿ ಒಲೆ ಹಚ್ಚುತ್ತಾಳೆ. ಒಳ್ಳೆಯದೇ ಆಯಿತು. ಮಕ್ಕಳೇ, ನಿಮ್ಮ ಶಾಲೆಗಳಲ್ಲಿ ಡಾನ್ಸು, ಕರಾಟೆ, ಚಿತ್ರಕಲೆ ಎಲ್ಲಕ್ಕೂ ಬೇರೆ ಬೇರೆ ಮಿಸ್ಸುಗಳಿದ್ದಾರೆ. ನಾವು ಅದನ್ನೆಲ್ಲ ಕನಸಿನಲ್ಲೂ ಕಂಡವರಲ್ಲ. ಆದರೂ ಮೊನ್ನೆ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮಕ್ಕಳನ್ನು ಆರಿಸಿದಾಗ ನನ್ನ ಕಿರಿಯ ಮೊಮ್ಮಗಳು ಯಾವುದರಲ್ಲೂ ಇರಲಿಲ್ಲ. "ಅಜ್ಜಾ, ನನಗ ಏನೂ ಬರಂಗಿಲ್ಲ" ಎಂದು ನನ್ನ ಮಗ್ಗುಲಲ್ಲಿ ಮುಖ ಹುದುಗಿಸಿದಳು.

ಏನೂ ಬರುವುದಿಲ್ಲವಂತೆ! ನಮ್ಮ ಓಣಿಯಲ್ಲಿ ಆಟ ಜಗಳಕ್ಕೆ ತಿರುಗಿದರೆ ಎರಡೂ ಕಡೆಯವರು ಓಡಿ ಬರುವುದು ಇವಳ ಹತ್ತಿರ. ಮರಾಠಿಯವರಿಗೆ ಮರಾಠಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ, ಅತ್ತವರನ್ನೂ ನಗಿಸಿ, ಇವಳು ಮತ್ತೆ ಆಟ ಹೂಡಿಸುತ್ತಾಳೆ. ನಾನು ದಿನವೂ ನೋಡುತ್ತೇನೆ.

ನಿನ್ನೆ ಅವಳ ಮಿಸ್ಸಿಗೆ ಫೋನು ಮಾಡಿದೆ. ರವಿವಾರ ಸಂಜೆ ಮಕ್ಕಳು ಆಡುವ ಹೊತ್ತಿಗೆ ನಮ್ಮ ಓಣಿಗೆ ಬರಬೇಕೆಂದು ಕೇಳಿಕೊಂಡೆ. "ಏನ್ ಕೆಲಸರಿ ಅಜ್ಜಾರ?" ಎಂದರು.

"ಕೆಲಸ ಏನಿಲ್ರಿ. ಬಂದು ಸುಮ್ಮನ ಕುಂತು ನೋಡ್ರಿ" ಎಂದೆ.

ಬರುತ್ತೇನೆ ಎಂದಿದ್ದಾರೆ.