ಹೆಸರು ಕಿತ್ತ ಕತೆ

ಪಾದ್ರಿ ಊರಿಗೆ ಬಂದ ಹೊಸತರಲ್ಲೇ ಯಾರೋ ಬೀಸಿದ ಕಲ್ಲು ಅವರ ಮುಂದಿನ ಹಲ್ಲನ್ನು ಉದುರಿಸಿತ್ತು. ಬಾಯೊರೆಸಿಕೊಂಡು ಅವರು ಕೇಳಿದ್ದು ಒಂದೇ: ಕಲ್ಲಿನ ಜೊತೆ ಬಂದ ಬೈಗುಳದ ಅರ್ಥವೇನು? ಲಿಪಿಯಿಲ್ಲದ ಆ ಜನರ ಮಾತಿಗೆ ಅಕ್ಷರ ಹೊಂದಿಸಿ, ಬೈಗುಳದಿಂದಲೇ ನಿಘಂಟು ಶುರುಮಾಡಿ, ತಲೆ ನರೆಯುವ ಹೊತ್ತಿಗೆ ಧರ್ಮಗ್ರಂಥದ ಅನುವಾದಕ್ಕೆ ಕೈಹಾಕಿದ್ದರು.

ಅವರ ಟೈಪಿಸ್ಟ್ ಸಂಬಳಕ್ಕೆ ಸೇರಿದವನು, ಭಕ್ತಿಗಲ್ಲ. ಜಿರಲೆ ಕಂಡರೆ ಕುರ್ಚಿ ಹತ್ತುವ ಆಸಾಮಿ. ಅಪ್ಪ ಮನೆ ಬಿಟ್ಟು ಓಡಿಹೋದನೆಂದು ಹೇಳಿ ಅವನನ್ನು ಸಾಕಿದವನು ದೊಡ್ಡಪ್ಪ. ಮಾಂಸದಂಗಡಿಯವನು.

ಪಾದ್ರಿಯದೊಂದು ಪದ್ಧತಿ. ಹೊಸ ಅನುವಾದವನ್ನು ಅದರ ಗಂಧಗಾಳಿಯೂ ಇಲ್ಲದವರಿಗೆ ಓದಿ, ತಿಳಿದದ್ದನ್ನು ಅವರ ಬಾಯಿಂದಲೇ ಮರಳಿ ಹೇಳಿಸುವುದು. ದೇವರ ಕತೆಯೆಂದು ಗೊತ್ತಾದರೆ ಜನ ಅರ್ಥವಾಗದೆಯೂ ತಲೆಯಾಡಿಸುತ್ತಾರೆಂದು ಹೆಸರುಗಳನ್ನೆಲ್ಲ ಕಿತ್ತುಹಾಕಿ ಓದುತ್ತಿದ್ದರು. ಒಂದು ದಿನ ಕೇಳುಗರು ಯಾರೂ ಸಿಗಲಿಲ್ಲ.

“ನಮ್ಮ ದೊಡ್ಡಪ್ಪನ್ನೇ ಕರ್ಕೊಂಡು ಬರ್ತೀನಿ ಬಿಡಿ. ಒಂದ್ ಲೋಟ ಚಹಾ ಕೊಟ್ರೆ ಏನ್ ಬೇಕಾದ್ರೂ ಕೇಳ್ತಾನೆ,” ಎಂದ ಟೈಪಿಸ್ಟ್, ಊರಿನ ಬುದ್ಧಿಯೆಲ್ಲ ತನ್ನದೇ ಗುತ್ತಿಗೆ ಎಂಬಂತೆ.

ದೊಡ್ಡಪ್ಪ ಸೊಂಟದ ಕತ್ತಿ ಸಮೇತ ಬಂದು ಕೂತ. “ಬೇಗ ಮುಗಿಸಿ ಪಾದ್ರಿಗಳೇ, ಅರ್ಧ ಕುರಿ ಕೊಕ್ಕೇಲಿ ನೇತಾಡ್ತಿದೆ.”

ಪಾದ್ರಿ ಓದಿದರು. ಅಣ್ಣ ತಮ್ಮ ಇಬ್ಬರು. ತಮ್ಮನಿಗೆ ಸಿಕ್ಕ ಮನ್ನಣೆಗೆ ಅಣ್ಣನ ಹೊಟ್ಟೆ ಉರಿಯಿತು. ಹೊರಗೆ ಕರೆದೊಯ್ದು ಕೊಂದ. ತಮ್ಮನೆಲ್ಲಿ ಎಂದು ಕೇಳಿದರೆ, ನನಗೇನು ಗೊತ್ತು ಎಂದ.

ಲೋಟ ಗೋಡೆಗೆ ಬಡಿದು ಚೂರಾಯಿತು. ಮೇಜು ಮಗುಚಿತು. ದೊಡ್ಡಪ್ಪ ಪಾದ್ರಿಯ ಕತ್ತು ಹಿಡಿದು ತಲೆಯನ್ನು ಗೋಡೆಗೆ ಜಜ್ಜಿದ. “ನಿನಗ್ಯಾರು ಹೇಳಿದ್ದು? ನೋಡಿದ್ಯಾರು?”

“ಹಳೇ ಕತೆ ಕಣಪ್ಪಾ...”

“ಹಳೇದೇ! ಆಗ ಇವನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ!”

ದೊಡ್ಡಪ್ಪ ಕತ್ತಿ ಬೀಸಿದ. ಪಾದ್ರಿ ತಡೆಯಲು ಎತ್ತಿದ ಬಲಗೈಯನ್ನು ಅದು ಮೂಳೆಯವರೆಗೆ ಸೀಳಿತು.

ಮಗುಚಿದ ಮೇಜಿನ ಮರೆಯಲ್ಲಿ ಮುದುಡಿದ್ದ ಟೈಪಿಸ್ಟನಿಗೆ ಆಗ ತಿಳಿಯಿತು: ಅಪ್ಪ ಎಲ್ಲಿಗೂ ಓಡಿಹೋಗಿರಲಿಲ್ಲ. ಟೈಪ್‌ರೈಟರ್ ಸರಿಸಲೂ ಆಳು ಕರೆಯುತ್ತಿದ್ದವನು ಅದನ್ನು ಎರಡೂ ಕೈಯಲ್ಲಿ ಎತ್ತಿ ದೊಡ್ಡಪ್ಪನ ಬೆನ್ನಿಗೆ ಅಪ್ಪಳಿಸಿದ. ದೊಡ್ಡಪ್ಪ ಕುಸಿದ. ಕತ್ತಿ ಟೈಪಿಸ್ಟನ ಕೈ ಸೇರಿತು.

“ಎಲ್ಲಿ ಹೂತಿದ್ದೀಯಾ ನಮ್ಮಪ್ಪನ್ನ?”

“ಅಂಗಡಿ ಹಿಂದೆ. ಗಿರಾಕಿಗಳೆಲ್ಲಾ ಅವನನ್ನೇ ಕೇಳ್ಕೊಂಡು ಬರೋರು ಕಣೋ... ಹೊಡಿ ಮಗನೇ, ಮುಗಿಸಿಬಿಡು.”

ಪಾದ್ರಿ ತೆವಳಿಕೊಂಡು ನಡುವೆ ಬಂದರು. “ತಡಿ. ಕತೆ ಮುಗಿದಿಲ್ಲ.” ಮುಂದಿನ ಭಾಗ ಇನ್ನೂ ಅನುವಾದವಾಗಿರಲಿಲ್ಲ. ಒಂದು ಸಾಲಿಗೆ ವಾರಗಟ್ಟಲೆ ತಿಣುಕುವ ಮನುಷ್ಯ ರಕ್ತ ಸುರಿಯುವ ಕೈಯನ್ನು ಅವಚಿಕೊಂಡು ಒಂದೇ ಉಸಿರಿಗೆ ಹೇಳಿದರು: “ಆ ಅಣ್ಣನ್ನ ಯಾರೂ ಕೊಲ್ಲಬಾರದು ಅಂತ ದೇವರು ಅವನ ಮೇಲೆ ಒಂದು ಗುರುತು ಹಾಕ್ತಾನೆ. ಅದನ್ನ ಹೊತ್ತುಕೊಂಡೇ ಅವನು ಬದುಕಬೇಕು.”

“ಗುರುತು ತಾನೇ?”

ಟೈಪಿಸ್ಟ್ ದೊಡ್ಡಪ್ಪನ ಕೆನ್ನೆಯ ಮೇಲೆ, ಕಿವಿಯಿಂದ ಗಲ್ಲದವರೆಗೆ, ಕತ್ತಿ ಎಳೆದ. ಅದನ್ನು ಕಿಟಕಿಯಾಚೆ ಎಸೆದು ಪೊಲೀಸರನ್ನು ಕರೆಯಲು ಓಡಿದ.

ಮುಂದೆ ಪಾದ್ರಿ ಎಡಗೈಯಲ್ಲಿ ಬರೆಯುವುದನ್ನು ಕಲಿತರು. ಹೆಸರು ಕಿತ್ತು ಮಾತ್ರ ಮತ್ತೆಂದೂ ಯಾರಿಗೂ ಓದಲಿಲ್ಲ.